ಅತ್ತೆಯ ಪೇಪರಿಗೆ ಅಜ್ಜಿ ಆರಿಸಿಕೊಟ್ಟ ಹುಳುಗಳು

ಕಾಲೇಜಿನಲ್ಲಿ ಜಂಬ ಕೊಚ್ಚಿಕೊಳ್ಳಲು ಪ್ರತಿಯೊಬ್ಬರಿಗೂ ಒಬ್ಬರಾದರೂ ನೆಂಟರು ಬೇಕು. ಕೊಳ್ಳೇಗಾಲದ ನಮ್ಮ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುವವಳ ಸೋದರಮಾವ ಜೆಸಿಬಿ ಇಟ್ಟಿದ್ದಾನೆ. ಅವಳು ಹೇಳುವುದನ್ನು ಕೇಳಿದರೆ ಬಿಳಿಗಿರಿರಂಗನ ಬೆಟ್ಟವನ್ನೂ ಅವನೇ ಮಣ್ಣು ಗುಡ್ಡೆ ಹಾಕಿ ನಿಲ್ಲಿಸಿದ್ದು ಅನ್ನಿಸಬೇಕು. ಹಿಂದಿನ ಬೆಂಚಿನವಳ ಅಣ್ಣ ರೀಲ್ಸ್ ಮಾಡುತ್ತಾನೆ. ಅವನಿಗೆ ಬೀಳುವ ಲೈಕುಗಳು ಇಡೀ ಹನೂರು ತಾಲ್ಲೂಕಿನ ಜನರಿಗಿಂತ ಹೆಚ್ಚಂತೆ. ಮೇಕೆಗಳನ್ನೂ ಸೇರಿಸಿ ಎಣಿಸಿರಬೇಕು. ನನ್ನ ಪಾಲಿಗೆ ಬಂದವಳು ಅತ್ತೆ. ಅಪ್ಪನ ತಂಗಿ, ಮೈಸೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮಾಲಿಕ್ಯುಲರ್ ಬಯಾಲಜಿಸ್ಟ್. ಜೆಸಿಬಿಯ ಎದುರು ನಿಲ್ಲಿಸಲು ಇದು ತೀರಾ ಸಣ್ಣ ಸಾಮಾನು. ಆದರೆ ನನ್ನ ಕೈಗೆ ಸಿಕ್ಕಿದ ಯಾವ ಸಾಮಾನೂ ಬಹಳ ಹೊತ್ತು ಸಣ್ಣದಾಗಿ ಉಳಿಯುವುದಿಲ್ಲ.

"ನಮ್ಮತ್ತೆಗೆ ಎಷ್ಟು ಸೈಟೇಶನ್ ಇದೆ ಗೊತ್ತೇನೇ?" ಎಂದು ಶುರು ಮಾಡುತ್ತಿದ್ದೆ. ಸೈಟೇಶನ್ ಎಂದರೆ ಏನೆಂದು ಅವರಿಗೆ ಗೊತ್ತಿರಲಿಲ್ಲ. ಅದೇ ನನ್ನ ಬಂಡವಾಳ. ಹಬ್ಬದ ದಿನ ಪೆಂಡಾಲಿನಲ್ಲಿ ಮೈಕು ಹಿಡಿದವನು ದೊಡ್ಡವರ ಹೆಸರು ಕೂಗುತ್ತಾನಲ್ಲ, ಹಾಗೆ ಎಂದು ವಿವರಿಸುತ್ತಿದ್ದೆ. ಜಪಾನಿನಲ್ಲಿ ಕೂತ ಒಬ್ಬ ವಿಜ್ಞಾನಿ ಏನೋ ಬರೆಯುತ್ತಾನೆ, ಬರೆಯುವಾಗ ನಮ್ಮತ್ತೆಯ ಪೇಪರಿನಲ್ಲಿ ಹೀಗೆ ಹೇಳಿದೆ ಎಂದು ಹೆಸರು ಕೂಗುತ್ತಾನೆ. ಬ್ರೆಜಿಲಿನವನು ಕೂಗುತ್ತಾನೆ. ಚೀನಾದವನಂತೂ ನಿದ್ದೆಯಲ್ಲೂ ಕೂಗುತ್ತಾನೆ. ಹೀಗೆ ಕೂಗಿದ್ದನ್ನೆಲ್ಲ ಲೆಕ್ಕ ಹಾಕಿ ತೋರಿಸುವ ಒಂದು ಪುಟ ಇಂಟರ್‌ನೆಟ್ಟಿನಲ್ಲಿದೆ. ಅದರಲ್ಲಿ ಅತ್ತೆಯ ಹೆಸರಿನ ಪಕ್ಕ ವರ್ಷಕ್ಕೊಂದರಂತೆ ನೀಲಿ ಕಂಬಗಳು, ಒಂದಕ್ಕಿಂತ ಒಂದು ಎತ್ತರ. ಕೊಳ್ಳೇಗಾಲ ಬರುವಷ್ಟರಲ್ಲಿ ಬಸ್ಸಿನಲ್ಲಿ ನಿಂತುಕೊಂಡೇ ನಾನು ಆ ಪುಟ ತೆಗೆದು ನೋಡುತ್ತಿದ್ದೆ, ಉಳಿದವರು ಕ್ರಿಕೆಟ್ ಸ್ಕೋರ್ ನೋಡುವ ಹಾಗೆ.

ಅತ್ತೆಗೆ ಇದು ಸರಿಬೀಳುತ್ತಿರಲಿಲ್ಲ. "ಅದು ಮಾರ್ಕ್ಸ್ ಕಾರ್ಡ್ ಅಲ್ಲ ಕಣಮ್ಮೀ. ಬೈದು ಬರೆದರೂ ಒಂದು ಏರ್ತದೆ, ಹೊಗಳಿ ಬರೆದರೂ ಒಂದು ಏರ್ತದೆ" ಎನ್ನುತ್ತಿದ್ದಳು. ಆದರೆ ಅವಳ ಫೋನಿನಲ್ಲೂ ಆ ಪುಟ ತೆರೆದೇ ಇರುತ್ತಿತ್ತು. ಅದನ್ನು ನಾನು ನೋಡಿದ್ದೇನೆ.

ಅತ್ತೆಯ ಹೆಸರಿನಲ್ಲಿ ಬಹಳ ಪೇಪರುಗಳಿವೆ. ಆದರೆ ಕಂಬಗಳನ್ನೆಲ್ಲ ಎತ್ತಿ ಹಿಡಿದದ್ದು ಒಂದೇ ಒಂದು. ಅದು ನಮ್ಮೂರಿನ ರೇಷ್ಮೆ ಹುಳುಗಳ ಬಗ್ಗೆ. ಮಾಂಬಳ್ಳಿಯಿಂದ ಸ್ವಲ್ಪ ಒಳಗಿರುವ ನಮ್ಮೂರಿನಲ್ಲಿ ಆಗ ಮನೆಮನೆಗೂ ಹಳದಿ ಗೂಡು ಕಟ್ಟುವ ಹಳೆಯ ತಳಿಯ ಹುಳ ಸಾಕುತ್ತಿದ್ದರು. ಅತ್ತೆ ಪಿಎಚ್‌ಡಿ ಮಾಡುತ್ತಿದ್ದ ಕಾಲ, ನಾನಿನ್ನೂ ತೊಟ್ಟಿಲಲ್ಲಿ ಮಲಗಿ ನನ್ನ ಸರದಿಗೆ ಕಾಯುತ್ತಿದ್ದೆ. ಹಾಲುರೋಗ ಎಂದು ಒಂದು ಬರುತ್ತದೆ ಹುಳುಗಳಿಗೆ. ಒಂದು ವೈರಸ್ಸಿನ ಕೆಲಸ. ಹುಳ ಊದಿಕೊಳ್ಳುತ್ತದೆ, ಸೊಪ್ಪು ಬಿಟ್ಟು ತಟ್ಟೆಯ ಅಂಚಿನಲ್ಲಿ ಹುಚ್ಚು ಹಿಡಿದಂತೆ ಸುತ್ತುತ್ತದೆ, ಕೊನೆಗೆ ಚರ್ಮ ಒಡೆದು ಬಿಳಿ ನೀರು ಸುರಿಸಿ ಸಾಯುತ್ತದೆ. ಆ ನೀರು ತಾಗಿದ ಹುಳಕ್ಕೂ ಅದೇ ಗತಿ. ಅತ್ತೆ ನಮ್ಮ ಬೀದಿಯ ಹುಳುಗಳನ್ನು ಐಸ್ ಡಬ್ಬಿಯಲ್ಲಿ ಒಯ್ದು ಪರೀಕ್ಷೆ ಮಾಡಿದರೆ, ಅವುಗಳಲ್ಲಿ ಆ ವೈರಸ್ ಇಲ್ಲವೇ ಇಲ್ಲ ಎನ್ನಬೇಕು, ಅಷ್ಟು ಕಡಿಮೆ. ಬೇರೆ ಕಡೆಯ ಹುಳುಗಳಲ್ಲಿ ಮಂಕಾಗಿದ್ದ ಒಂದು ಜೀನ್ ನಮ್ಮವುಗಳ ಕರುಳಿನಲ್ಲಿ ಜೋರಾಗಿ ಕೆಲಸ ಮಾಡುತ್ತಿತ್ತು. ಆ ಜೀನೇ ಹುಳವನ್ನು ಕಾಯುತ್ತದೆ ಎಂದು ಅತ್ತೆ ಬರೆದಳು. ಆಮೇಲೆ ನಡೆದದ್ದು ಮೈಕಿನ ಗಲಾಟೆ. ಕೆಲಸ ಸಿಕ್ಕಿದ್ದು ಆ ಪೇಪರಿನಿಂದ. ಸ್ವಂತ ಲ್ಯಾಬ್ ಸಿಕ್ಕಿದ್ದು ಅದರಿಂದ. ಅದೇ ಜೀನಿನ ಮೇಲೆ ಥೀಸಿಸ್ ಬರೆಯಲು ಬಂದ ವಿದ್ಯಾರ್ಥಿಗಳೂ ಅದರಿಂದಲೇ.

ಊರಿನಲ್ಲಿ ಅವಳನ್ನು ಹುಳದ ಡಾಕ್ಟರು ಅಂದುಕೊಂಡಿದ್ದರು. ಅವಳು ಬಂದ ದಿನ ಜಗಲಿಯ ಮುಂದೆ ಹೊಟ್ಟೆಯುಬ್ಬರದ ಕರು, ಹಲ್ಲುನೋವಿನ ಮುದುಕ, ಇಬ್ಬರೂ ಒಟ್ಟಿಗೆ ಕಾಯುತ್ತಿದ್ದರು. ಕರುವೇ ಹೆಚ್ಚು ತಾಳ್ಮೆಯದು.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಅತ್ತೆ ಬಂದಾಗ ಅವಳ ಮುಖ ನೋಡಿ ಮುದುಕನೂ ಎದ್ದು ಹೋದ. ಬೇರೆ ಊರಿನ ಒಂದು ಲ್ಯಾಬಿನವರು ಅತ್ತೆಯ ಪ್ರಯೋಗವನ್ನು ತಾವೂ ಮಾಡಿ ನೋಡಿದ್ದರಂತೆ. ಹನೂರು ಕಡೆಯಿಂದ, ಕೊಳ್ಳೇಗಾಲದ ಸುತ್ತಲಿಂದ ಅದೇ ಹಳದಿ ತಳಿಯ ಹುಳ ತರಿಸಿದ್ದರು. ಜೀನ್ ಜೋರಾಗಿದ್ದ ಹುಳಕ್ಕೂ ರೋಗ ಬಂತು, ಮಂಕಾಗಿದ್ದ ಹುಳಕ್ಕೂ ಬಂತು. ಬಹಳ ವಿನಯದಿಂದ ಬರೆದು ಕೇಳಿದ್ದರು: ನೀವು ಹುಳುಗಳನ್ನು ಹೇಗೆ ಸಂಗ್ರಹಿಸಿದಿರಿ ಎಂದು ಸ್ವಲ್ಪ ತಿಳಿಸುವಿರಾ?

"ಆರಿಸದೆ, ಸಿಕ್ಕಿದ್ದನ್ನ ಸಿಕ್ಕ ಹಾಗೆ ತಗೊಂಡೆ ಅಂತ ಪೇಪರಲ್ಲೇ ಬರೆದಿದ್ದೀನಿ" ಎಂದಳು ಅತ್ತೆ ಅಪ್ಪನಿಗೆ. "ಈಗ ಇನ್ನೊಂದ್ಸಲ ನಮ್ಮನೆಯಿಂದ್ಲೇ ತಗೊಂಡು ಹೋಗಿ ಮಾಡ್ತೀನಿ. ಅದೇ ಉತ್ತರ ಬಂದ್ರೆ ಅವ್ರ ಬಾಯಿ ಮುಚ್ಚುತ್ತೆ."

"ಬರ್ನಿಲ್ಲ ಅಂದ್ರ?" ಅಪ್ಪ ಕೇಳಿದ.

"ಬರಲಿಲ್ಲ ಅಂದ್ರೆ ನಾನು ಇಷ್ಟು ವರ್ಷ ಮಾಡಿದ್ದೆಲ್ಲ ಗಾಳಿಗೆ ಹೋಯ್ತು ಕಣಣ್ಣ."

ಜೊತೆಗೆ ಒಬ್ಬ ವಿದ್ಯಾರ್ಥಿಯನ್ನು ಕರೆತಂದಿದ್ದಳು. ಲೊಕ್ಕನಹಳ್ಳಿ ಕಡೆಯವನು. ಮಾತಾಡುವುದು ಕನ್ನಡ, ಹೆದರುವುದು ತಮಿಳಿನಲ್ಲಿ. ಅವನ ಥೀಸಿಸ್ ಮುಗಿಯುತ್ತಾ ಬಂದಿತ್ತು. ಅದೂ ಅದೇ ಜೀನಿನ ಮೇಲೆ. ಅವನು ಎಷ್ಟು ತೆಳ್ಳಗಿದ್ದನೆಂದರೆ ಹೆಗಲಿನ ಮೇಲೆ ಐಸ್ ಡಬ್ಬಿ ಇಲ್ಲದಿದ್ದರೆ ಗಾಳಿ ಬಂದು ಮಾಂಬಳ್ಳಿ ತನಕ ಒಯ್ಯುತ್ತಿತ್ತು.

ನಮ್ಮ ಹುಳುಮನೆ ಹಿತ್ತಲಿನಲ್ಲಿದೆ. ಊರಿನಲ್ಲಿ ಎಲ್ಲರೂ ಕಬ್ಬಿಣದ ಅಟ್ಟಣಿಗೆ ಮಾಡಿ ಕಡ್ಡಿ ಸಮೇತ ಸೊಪ್ಪು ಹಾಸಿ ಹೊಸ ಬಿಳಿ ತಳಿ ಸಾಕುವಾಗ ಅಜ್ಜಿ ಮಾತ್ರ ಹಳದಿ ತಳಿಯನ್ನು ಬಿದಿರಿನ ತಟ್ಟೆಯಲ್ಲೇ ಸಾಕುತ್ತಿದ್ದಳು. ಅಕ್ಕಪಕ್ಕದ ಎರಡು ಮೂರು ಮನೆಯವರೂ ಅವಳ ಮಾತಿಗೆ ಕಟ್ಟುಬಿದ್ದು ಹಾಗೇ ಉಳಿಸಿಕೊಂಡಿದ್ದರು. ಹುಳುಮನೆಯ ಬಾಗಿಲಿಗೆ ಸುಣ್ಣದ ಗೆರೆ. ಹೊರಗಿನಿಂದ ಬಂದವರು ಅದನ್ನು ದಾಟುವ ಹಾಗಿಲ್ಲ. ಅಪ್ಪ ಒಮ್ಮೆ ಚಪ್ಪಲಿ ಹಾಕಿಕೊಂಡು ದಾಟಿದ್ದಕ್ಕೆ ಅಜ್ಜಿ ಎಸೆದ ಪೊರಕೆ ಇನ್ನೂ ನೆಲಕ್ಕೆ ಬಿದ್ದಿಲ್ಲ ಎಂದು ನಾನು ಹೇಳುತ್ತಿರುತ್ತೇನೆ. ಅತ್ತೆಯೂ ಆ ಗೆರೆಯನ್ನು ಯಾವತ್ತೂ ದಾಟಿದವಳಲ್ಲ. ಅವಳಿಗೆ ತನ್ನದೇ ಕಾರಣವಿತ್ತು: ಹಗಲೆಲ್ಲ ವೈರಸ್ ಹಿಡಿದು ಕೂರುವ ಲ್ಯಾಬಿನಿಂದ ಬಂದವಳು, ಮೈಮೇಲೆ ಏನಾದರೂ ಅಂಟಿಕೊಂಡು ಬಂದರೆ ಊರಿನ ಹುಳುಗಳೆಲ್ಲ ಸತ್ತಾವು ಎಂದು. ಹಾಗಾಗಿ ಪಿಎಚ್‌ಡಿ ಕಾಲದಿಂದಲೂ ಅವಳು ಅಂಗಳದಲ್ಲಿ ನಿಲ್ಲುತ್ತಿದ್ದಳು, ಅಜ್ಜಿ ಒಳಗಿನಿಂದ ತಂದುಕೊಡುತ್ತಿದ್ದಳು. ಇಬ್ಬರಿಗೂ ತಮ್ಮ ಎಚ್ಚರಿಕೆಯ ಬಗ್ಗೆ ಹೆಮ್ಮೆಯಿತ್ತು.

ಈ ಸಲವೂ ಹಾಗೇ ಆಯಿತು.

"ಅಲ್ಲೇ ನಿಂತ್ಕ ಮಗಾ. ಕಾಲ್ ತೊಳ್ಕಂಡು ಜಗಲಿ ಮ್ಯಾಲ ಕೂತ್ಕ. ನಾನೇ ತಕಬತ್ತೀನಿ" ಎಂದು ಅಜ್ಜಿ ಮೊರ ಹಿಡಿದು ಒಳಗೆ ಹೋದಳು.

"ಎಲ್ಲಾ ತಟ್ಟೆಯಿಂದ್ಲೂ ತಗಿ ಅವ್ವ, ಒಂದ್ ತಟ್ಟೆನೂ ಬುಡಬ್ಯಾಡ" ಎಂದು ಅತ್ತೆ ಕೂಗಿದಳು. ಅಜ್ಜಿಯ ಎದುರು ಬಾಯಿ ತೆರೆದ ಕೂಡಲೇ ಅವಳ ಮೈಸೂರು ಮಾತು ಕಳಚಿ ಬೀಳುತ್ತದೆ.

"ಊ ಕಣ್ ಮಗಾ, ಒಂದ್ನೂ ಬುಡಕಿಲ್ಲ."

ನಾವು ಜಗಲಿಯ ಮೇಲೆ ಕೂತೆವು. ಆ ಹೊತ್ತಿಗೆ ಬೀದಿಯಲ್ಲಿ ಸುದ್ದಿ ಹರಡಿತ್ತು. ಎದುರು ಮನೆಯ ದೊಡ್ಡಮ್ಮ ಸೆರಗು ಮುಚ್ಚಿದ ತಟ್ಟೆ ಹಿಡಿದು ಬಂದಳು. ಸೆರಗು ಸರಿಸಿದರೆ ಹಿಪ್ಪುನೇರಳೆ ಎಲೆ ಹಾಸಿ ಅದರ ಮೇಲೆ ಸಾಲಾಗಿ ಮಲಗಿಸಿದ ಹುಳುಗಳು, ತಟ್ಟೆಯ ಅಂಚಿಗೆ ಅರಿಶಿನ ಕುಂಕುಮ. ಒಂದೊಂದು ಹುಳವೂ ನನ್ನ ಹೆಬ್ಬೆರಳಿಗಿಂತ ದಪ್ಪ. ಸ್ವಲ್ಪ ಬಿಟ್ಟಿದ್ದರೆ ಎದ್ದು ಕೂತು ಕಾಫಿ ಕೇಳುವ ಹಾಗಿದ್ದವು.

"ನಮ್ಮನೇವೂ ತಕಳವ್ವ. ನಿಮ್ಮವ್ವನ ಉಳಕ್ಕಿಂತ ನಮ್ಮವೇ ದಪ್ಪ. ಬೇಕಾರ ತೂಕ ಹಾಕ್ಕ."

"ಆ ಸಲ್ದಂಗೆ ಈ ಸಲ್ವೂ ಪೇಪರ್‌ಗ ಆಕ್ತೀಯಾ?" ಎಂದಳು ಅವಳ ಸೊಸೆ. "ಫೋಟೋ ಬತ್ತದಾ?"

ವಿದ್ಯಾರ್ಥಿ ಕೈ ತೊಳೆಯಲು ಹಿತ್ತಲಿಗೆ ಹೋಗಿದ್ದ. ಹುಳುಮನೆಯ ಕಿಟಕಿಗೆ ಜಾಲರಿ ಹೊಡೆದಿದೆ, ಆದರೆ ಒಳಗಿನದು ಕಾಣುತ್ತದೆ. ಅವನು ನಗುತ್ತಾ ವಾಪಸು ಬಂದ. ಅವನ ಮುಖದಲ್ಲಿ ನಾನು ಮತ್ತೆ ಅಂಥ ನಗು ನೋಡಲಿಲ್ಲ.

"ಮೇಡಮ್, ಅಜ್ಜಿ ಎಷ್ಟ್ ಚೆನ್ನಾಗಿ ಆರಿಸ್ತಾವ್ರೆ ಗೊತ್ತಾ? ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡ್ದು ನೋಡಿ, ಬೇಡ ಅಂದ್ರೆ ವಾಪಸ್ ಇಟ್ಟು... ನಮ್ಮಮ್ಮ ಅವರೆಕಾಯಿ ಆರಿಸೋ ಅಂಗೇ..."

ಮಾತು ಅಲ್ಲಿಗೇ ನಿಂತಿತು. ಅವನಿಗೆ ತಾನು ಹೇಳಿದ್ದು ತನ್ನ ಕಿವಿಗೇ ಬಿತ್ತು. ಅತ್ತೆ ಕೈಯಲ್ಲಿದ್ದ ಪ್ಲಾಸ್ಟಿಕ್ ಕೊಳವೆಯನ್ನು ಮಡಿಲಲ್ಲಿಟ್ಟುಕೊಂಡಳು.

ಅಜ್ಜಿ ಮೊರದ ತುಂಬ ಹುಳ ತುಂಬಿಕೊಂಡು ಬಂದಳು. ಎಲ್ಲವೂ ಒಂದೇ ಅಳತೆ, ಒಂದೇ ಹೊಳಪು, ಬ್ಯಾಂಡ್‌ಸೆಟ್ಟಿನವರು ಯೂನಿಫಾರಂ ಹಾಕಿ ನಿಂತ ಹಾಗೆ.

"ಅವ್ವ, ಇವನ್ನ ಆರಿಸ್ದ್ಯಾ?" ಅತ್ತೆಯ ದನಿ ಬಹಳ ಮೆತ್ತಗಿತ್ತು.

"ಆರಿಸ್ದೆ ಇನ್ನೇನ್ ಕಣ್ಮುಚ್ಕಂಡು ಬಾಚ್ಕ ಬಂದುಟ್ಟಾರಾ?"

"ಎಲ್ಲಾ ತಟ್ಟೆಯಿಂದ್ಲೂ ತಗಿ ಅಂದಿದ್ನಲ್ಲ."

"ಎಲ್ಲಾ ತಟ್ಟೆಯಿಂದ್ಲೂ ತಗುದಿವ್ನಿ. ಒಂದೊಂದ್ ತಟ್ಟೆಲೂ ಚಂದಾಗಿರವ ನೋಡಿ ತಗುದಿವ್ನಿ. ತವರಿಗ ಬಂದ ಮಗ್ಳುಗ ಕೆಟ್ಟುದ್ದು ಕೊಳ್ತುದ್ದು ಕೊಟ್ಟು ಕಳ್ಸಾರಾ ಯಾರಾರ? ಬದ್ನೆಕಾಯ್ ಕೊಡಕ್ಕೂ ತಿರುಗ್ಸಿ ಮುರುಗ್ಸಿ ನೋಡ್ತೀನಿ. ಇನ್ನ ಉಳ ಕೊಡಕ್ಕ ನೋಡ್ನಿಲ್ವಾ?"

ದೊಡ್ಡಮ್ಮ ಅದಕ್ಕೆ ಜೋರಾಗಿ ತಲೆದೂಗಿದಳು. ಅವಳೂ ಅವಳ ಸೊಸೆಯೂ ನಗುತ್ತಿದ್ದರು. ನಾನೂ ನಕ್ಕೆ. ನಗುವುದಕ್ಕೆ ಅದು ಒಳ್ಳೆಯ ಮಾತೇ ಆಗಿತ್ತು.

"ಆ ಸಲ?" ಎಂದಳು ಅತ್ತೆ. "ನಾನ್ ಓದ್ತಿದ್ದಾಗ ಬಂದಿದ್ನಲ್ಲ, ಆವಾಗ?"

"ಆವಾಗ್ಲೂವೆ. ಆವಾಗಂತೂ ಇಡೀ ಬೀದಿಗೇ ಯೋಳಿ ಕಳ್ಸಿದ್ನಿ. ಮನೆ ಮಗಳು ಮೊದಲ್ನೇ ಸಲ ಕೇಳವ್ಳೆ, ಚಂದಾಗಿರವ ಆರ್ಸಿ ಕೊಡಿ ಅಂತ. ಆ ಸಲ ಆಲುರೋಗ ಬಂದು ಯಾರ ಮನೆಲೂ ಅರ್ಧ ಉಳ ನಿಂತಿರ್ನಿಲ್ಲ ಕಣ್ ಮಗಾ. ನೀನ್ ಬರತ್ಗ ಮುಂಚೆನೇ ಎಲ್ಲಾ ಗುಂಡಿಗಾಕಿ ಸುಣ್ಣ ಉಯ್ದು ಮುಚ್ಚಿದ್ವಿ. ನಿನ್ ಕಣ್ಗ ಬೀಳ್ದೇ ಇರ್ಲಿ ಅಂತ. ಓದೋ ಮಗ, ಮನಸ್ಗ ಬ್ಯಾಸ್ರ ಮಾಡ್ಕಂಡದು ಅಂತ."

ಅಜ್ಜಿ ಇದನ್ನೆಲ್ಲ ಹೇಳಿದ್ದು ಮಗಳಿಗೆ ಮಾಡಿದ ಉಪಕಾರದ ಲೆಕ್ಕದಲ್ಲಿ. ಅವಳ ಮುಖ ಅಷ್ಟು ಅರಳಿತ್ತು.

ವಿದ್ಯಾರ್ಥಿ "ಕಡವುಳೇ" ಎಂದು ತಮಿಳಿನಲ್ಲಿ ದೇವರನ್ನು ಕರೆದ. ಜಗಲಿಯ ಕಂಬ ಹಿಡಿದುಕೊಂಡ.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಅತ್ತೆಯೇ ಬಿಡಿಸಿ ಹೇಳಿದಳು. ನಮ್ಮ ಬೀದಿಯ ಹುಳುಗಳಿಗೆ ರೋಗ ಬರುವುದಿಲ್ಲ ಎಂದು ಅವಳು ಜಗತ್ತಿಗೆಲ್ಲ ಹೇಳಿದ್ದಳು. ರೋಗ ಬಂದಿತ್ತು. ರೋಗ ಬಂದವೆಲ್ಲ ಗುಂಡಿಯಲ್ಲಿದ್ದವು, ಗಟ್ಟಿಮುಟ್ಟಾದವು ಮಾತ್ರ ಅವಳ ಡಬ್ಬಿಗೆ ಬಂದಿದ್ದವು. ಹೊಟ್ಟೆತುಂಬ ಸೊಪ್ಪು ತಿಂದು ದುಂಡಗಿರುವ ಯಾವ ಹುಳದ ಕರುಳಿನಲ್ಲೂ ಆ ಜೀನ್ ಜೋರಾಗಿಯೇ ಇರುತ್ತದೋ ಏನೋ. ಕುಸ್ತಿ ಅಖಾಡದಲ್ಲಿ ಇರುವವರನ್ನು ಮಾತ್ರ ತೂಗಿ ಈ ತಾಲ್ಲೂಕಿನಲ್ಲಿ ಸಣಕಲರೇ ಇಲ್ಲ ಎಂದು ಬರೆದ ಹಾಗೆ. ಈ ಕುಸ್ತಿಯ ಹೋಲಿಕೆ ನನ್ನದು. ಹೇಳಿದಾಗ ಅತ್ತೆ ನಗಲಿಲ್ಲ.

ಮಧ್ಯಾಹ್ನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ವಿದ್ಯಾರ್ಥಿ ಮುದ್ದೆಯನ್ನು ತಟ್ಟೆಯಲ್ಲಿ ಉರುಳಿಸುತ್ತಾ ಕೂತಿದ್ದವನು ಕೊನೆಗೆ ಬಾಯಿಬಿಟ್ಟ.

"ಮೇಡಮ್, ಈ ವಿಷಯ ಇಲ್ಲಿರೋರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ."

"ಊಂ."

"ಆ ಲ್ಯಾಬ್‌ನವ್ರು ಬಂದು ಅಜ್ಜಿನ ಕೇಳ್ತಾರಾ ಮೇಡಮ್? ಹುಳ ಬೇರೆ ಕಡೇದು, ಅದಕ್ಕೆ ಉತ್ತರ ಬೇರೆ ಬಂತು ಅಂತ ಬರೆದ್ರೆ ಮುಗೀತು. ನನ್ ಥೀಸಿಸ್ ಒಂದು ಆಗೋಗ್ಲಿ ಮೇಡಮ್. ಮನೇಲಿ ಎಲ್ಲಾ ಕಾಯ್ತಾವ್ರೆ."

"ಅವ್ನು ಯೋಳದ್ರಲ್ಲಿ ತಪ್ಪೇನದ?" ಎಂದ ಅಪ್ಪ. "ಅವ್ವ ಏನ್ ಕಳ್ತನ ಮಾಡಿದ್ಳಾ? ನೀನ್ ಮಾಡಿದ್ಯಾ? ಬುಡತ್ತಗ."

ನಾನೂ ಸುಮ್ಮನಿರಲಿಲ್ಲ. "ಅತ್ತೆ, ಪೇಪರ್ ವಾಪಸ್ ತಗಂಡ್ರೆ ಆ ಕಂಬ ಎಲ್ಲಾ ಬಿದ್ದೋಯ್ತವಾ?" ಎಂದು ಕೇಳಿದೆ. ನನ್ನ ಕಾಲೇಜಿನ ಮರ್ಯಾದೆಯೂ ಅದರ ಮೇಲೇ ನಿಂತಿತ್ತು.

ಅತ್ತೆ ನನ್ನತ್ತ ಒಮ್ಮೆ ನೋಡಿದಳು. ವಿದ್ಯಾರ್ಥಿಗೆ ಹೇಳಿದಳು, "ಅಜ್ಜಿನ ಯಾರೂ ಬಂದು ಕೇಳೋದಿಲ್ಲ ನಿಜ ಕಣಪ್ಪ. ನಾನ್ ಕೇಳಿಬಿಟ್ಟೆನಲ್ಲ."

ಮಾರನೆಯ ಬೆಳಗ್ಗೆ ಅತ್ತೆ ಬಿಸಿನೀರು ಸ್ನಾನ ಮಾಡಿ, ತಲೆಗೆ ಬಟ್ಟೆ ಕಟ್ಟಿ, ಅಜ್ಜಿಯ ಹಳೆಯ ಸೀರೆ ಉಟ್ಟು ಹುಳುಮನೆಯ ಮುಂದೆ ಬಂದು ನಿಂತಳು. ಸುಣ್ಣದ ಗೆರೆಯ ಮೇಲೆ ಕಾಲಿಟ್ಟು ಒಳಗೆ ಹೋದಳು. ಅಜ್ಜಿ ತಡೆಯಲಿಲ್ಲ. ಬಾಗಿಲಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಮಗಳನ್ನೇ ನೋಡುತ್ತಿದ್ದಳು.

ಯಾವ ತಟ್ಟೆ, ತಟ್ಟೆಯ ಯಾವ ಮೂಲೆ ಎಂದು ಚೀಟಿ ಎತ್ತುವ ಕೆಲಸ ನನ್ನದು. ಮನುಷ್ಯರ ಕೈಗೆ ಆರಿಸಲು ಬಿಟ್ಟರೆ ಅದು ತನಗೆ ಇಷ್ಟವಾದದ್ದನ್ನೇ ಹುಡುಕುತ್ತದಂತೆ, ಅದಕ್ಕೇ ಚೀಟಿ. ನಾನು ಕಣ್ಣು ಮುಚ್ಚಿ, ದೇವರನ್ನು ನೆನೆದು, ಬಂಪರ್ ಲಾಟರಿ ಎಳೆಯುವವನ ಹಾಗೆ ಕೈ ಗಾಳಿಯಲ್ಲಿ ತಿರುಗಿಸಿ ಎತ್ತುತ್ತಿದ್ದೆ. ಮೊದಲ ಕೆಲವು ಹುಳುಗಳು ಚೆನ್ನಾಗಿದ್ದವು. ಅಜ್ಜಿ ಸಮಾಧಾನವಾಗಿ ಎಲೆಯಡಿಕೆ ಹಾಕಿಕೊಂಡಳು. ಆಮೇಲೆ ಒಂದು ಚೀಟಿಗೆ ಬಂದದ್ದು ಕೆಳಗಿನ ತಟ್ಟೆಯ ಅಂಚು. ಅಲ್ಲಿ ಒಂದು ಹುಳ ಊದಿಕೊಂಡು, ಗೆಣ್ಣು ಗೆಣ್ಣು ಎದ್ದು, ಎಲ್ಲಿಗೋ ಹೋಗಬೇಕಾದವರ ಹಾಗೆ ಸುತ್ತುತ್ತಿತ್ತು. ಅತ್ತೆ ಚಿಮಟದಲ್ಲಿ ಅದನ್ನು ಎತ್ತಿದಳು.

"ಅದ ಬುಡು ಮಗಾ." ಅಜ್ಜಿ ಎದ್ದು ನಿಂತಳು.

"ಇದೇ ಬೇಕವ್ವ."

"ಯಾರಾರ ನೋಡಿದ್ರ ನನ್ ಮನೆ ಉಳ ಅಂತಾರ. ಕೆಟ್ಟ ಉಳ ಮಗ್ಳು ಕೈಲಿ ಕಳ್ಸುಟ್ಳು ಅಂತಾರ. ಬುಡು. ಇಗಾ, ಇದ ತಕೋ."

ಅಜ್ಜಿ ಮೇಲಿನ ತಟ್ಟೆಯಿಂದ ಒಂದು ದುಂಡನೆಯ ಹುಳ ಎತ್ತಿ ಅಂಗೈಯ ಮೇಲಿಟ್ಟು ಚಾಚಿದಳು. ಅತ್ತೆ ತೆಗೆದುಕೊಳ್ಳಲಿಲ್ಲ. ಊದಿದ ಹುಳವನ್ನು ಕೊಳವೆಗೆ ಹಾಕಿ ಮುಚ್ಚಳ ತಿರುಗಿಸಿದಳು. ನಾನು ಮುಂದಿನ ಚೀಟಿ ಎತ್ತಬೇಕಿತ್ತು, ಎತ್ತಿದೆ. ಈ ಸಲ ಕೈ ತಿರುಗಿಸಲಿಲ್ಲ. ಅಜ್ಜಿಯ ಅಂಗೈ ಚಾಚಿಕೊಂಡೇ ಇತ್ತು, ಅದರ ಮೇಲೆ ಆ ಹುಳ ಸೊಪ್ಪು ಹುಡುಕುತ್ತಾ ತಲೆಯಾಡಿಸುತ್ತಿತ್ತು.

ಆಮೇಲಿನದನ್ನು ಉಬ್ಬಿಸಿ ಹೇಳಲು ನನಗೂ ಆಗುವುದಿಲ್ಲ. ಮೈಸೂರಿನಿಂದ ಅತ್ತೆಯ ಫೋನು ಬಂತು. ಚೀಟಿ ಎತ್ತಿ ಒಯ್ದ ಹುಳುಗಳಲ್ಲಿ ವೈರಸ್ ಬೇಕಾದಷ್ಟಿತ್ತು. ರೋಗದ ಹುಳದಲ್ಲಿ ಜೀನ್ ಮಂಕು, ತಿಂದುಂಡು ಚೆನ್ನಾಗಿದ್ದ ಹುಳದಲ್ಲಿ ಜೋರು. ಜೋರಾಗಿದ್ದ ಹುಳಕ್ಕೂ ವೈರಸ್ ತಾಗಿದರೆ ರೋಗ ಬರುತ್ತದೆಂದು ಆ ಲ್ಯಾಬಿನವರು ಆಗಲೇ ತೋರಿಸಿದ್ದರು. ಅಂದರೆ ಆ ಜೀನು ಹುಳವನ್ನು ಕಾಯುತ್ತಿರಲಿಲ್ಲ. ಹುಳ ಚೆನ್ನಾಗಿದ್ದರೆ ಅದೂ ಚೆನ್ನಾಗಿರುತ್ತಿತ್ತು, ಅಷ್ಟೇ. ಅತ್ತೆ ಜರ್ನಲ್ಲಿಗೆ ತಾನೇ ಬರೆದು ಪೇಪರನ್ನು ವಾಪಸು ತೆಗೆದುಕೊಂಡಳು. ಈಗ ಅದನ್ನು ತೆರೆದರೆ ಪುಟದ ತುಂಬ ಅಡ್ಡಲಾಗಿ ಕೆಂಪಕ್ಷರ ಬೀಳುತ್ತದೆ, ವಾಪಸು ಪಡೆಯಲಾಗಿದೆ ಎಂದು.

ಅದಾದ ಮೇಲೆ ಒಂದೊಂದಾಗಿ ಕಳಚಿತು. ಹೊಸ ಪ್ರಾಜೆಕ್ಟು ಕೊಡುವುದಿಲ್ಲ ಎಂದರು. ಭಾಷಣಕ್ಕೆ ಕರೆದಿದ್ದವರು ಕಾರ್ಯಕ್ರಮವೇ ಮುಂದಕ್ಕೆ ಹೋಗಿದೆ ಎಂದರು. ಕಾರ್ಯಕ್ರಮ ನಡೆಯಿತು, ಫೋಟೋಗಳನ್ನು ನಾನೇ ನೋಡಿದೆ. ಲೊಕ್ಕನಹಳ್ಳಿಯವನು ಬೇರೆ ಗೈಡ್ ಹತ್ತಿರ ಹೋಗಿ ಮೊದಲಿನಿಂದ ಶುರು ಮಾಡಿದ. ಹೋಗುವ ಮುಂಚೆ ಅತ್ತೆಯ ಕಾಲಿಗೆ ಬಿದ್ದನಂತೆ. ಕಾಲಿಗೆ ಬಿದ್ದವನು ಮುಖ ನೋಡದೆ ಎದ್ದು ಹೋದನಂತೆ. ಇದನ್ನು ಹೇಳುವಾಗ ಅತ್ತೆ ಅವನನ್ನು ಬೈಯಲಿಲ್ಲ.

ಅಜ್ಜಿಗೆ ಇದೇನೂ ಹೇಳಬಾರದು ಎಂದು ಅತ್ತೆ ಕಟ್ಟಪ್ಪಣೆ ಮಾಡಿದ್ದಳು. ಆದರೆ ಅಪ್ಪನ ಬಾಯಿ ಹಳೇ ಬಸ್ಸಿನ ಬಾಗಿಲು, ಕುಲುಕಿದರೆ ತೆರೆದುಕೊಳ್ಳುತ್ತದೆ. ಒಂದು ಸಂಜೆ ಸೊಪ್ಪು ತರುವುದು ತಡವಾಯಿತೆಂದು ಅಜ್ಜಿ ಬೈದದ್ದಕ್ಕೆ ಅವನು ಸೊಪ್ಪಿನ ಹೊರೆಯನ್ನು ಅಂಗಳಕ್ಕೆ ಎಸೆದು, "ನಿನ್ ಉಳ ಆರ್ಸಿ ಆರ್ಸಿ ಕೊಟ್ಟಿದ್ಕೇ ಅವ್ಳ ಬದುಕು ತಿಪ್ಪೆಗೋಯ್ತು. ಗೊತ್ತಾ ನಿನ್ಗ?" ಎಂದುಬಿಟ್ಟ.

ಅಜ್ಜಿ ಮೊದಲು ನಂಬಲಿಲ್ಲ. ನನ್ನನ್ನು ಕರೆದು ಕೇಳಿದಳು. ಸುಳ್ಳು ಹೇಳುವುದರಲ್ಲಿ ಈ ಮೂರು ತಾಲ್ಲೂಕಿಗೆ ನಾನೇ ಮೊದಲಿಗಳು, ಆದರೆ ಆ ಹೊತ್ತಿಗೆ ಒಂದೂ ಬಾಯಿಗೆ ಬರಲಿಲ್ಲ. ಅಜ್ಜಿ ಆ ಬೆಳೆಯನ್ನು ಗೂಡು ಕಟ್ಟುವ ತನಕ ಸಾಕಿದಳು. ಗೂಡು ಮಾರಲು ಕೊಳ್ಳೇಗಾಲಕ್ಕೆ ಅಪ್ಪ ಹೋದ. ಅಜ್ಜಿ ತಟ್ಟೆಗಳನ್ನು ತೊಳೆದು ಬಿಸಿಲಿಗೆ ಒಣಗಿಸಿ ಅಟ್ಟಕ್ಕೆ ಹಾಕಿದಳು. ಮತ್ತೆ ಹುಳದ ಮೊಟ್ಟೆ ತರಿಸಲಿಲ್ಲ. ಕೇಳಿದವರಿಗೆ ಸೊಂಟನೋವು ಎಂದಳು.

ಬೇಸಿಗೆಯಲ್ಲಿ ಅತ್ತೆ ರಜೆ ಹಾಕಿ ಬಂದಳು. ಐಸ್ ಡಬ್ಬಿ ಇರಲಿಲ್ಲ. ಜಗಲಿಯ ಮುಂದೆ ಕರುವೂ ಇರಲಿಲ್ಲ, ಮುದುಕ ಆ ಚಳಿಗಾಲದಲ್ಲಿ ತೀರಿಕೊಂಡಿದ್ದ. ಅವಳನ್ನು ನಗಿಸಲೇಬೇಕೆಂದು ನಾನು ಕಾಲೇಜಿನ ಕತೆಗಳನ್ನೆಲ್ಲ ಹೇಳಿದೆ. ಜೆಸಿಬಿ ಮಾವ ತನ್ನ ಜೆಸಿಬಿಯನ್ನೇ ಕೆರೆಯಲ್ಲಿ ಹೂತು, ಅದನ್ನು ಎತ್ತಲು ಇನ್ನೊಂದು ಜೆಸಿಬಿ ತಂದು, ಅದೂ ಹೂತುಹೋಗಿ, ಕೊನೆಗೆ ಒಂದು ಜೋಡಿ ಎತ್ತು ಬಂದು ನಕ್ಕುಕೊಂಡು ವಾಪಸು ಹೋದದ್ದು. ಅತ್ತೆ ಬಾಯಿ ತುದಿಯಲ್ಲಿ ನಕ್ಕಳು. ಆಮೇಲೆ ನನ್ನ ಕೊನೆಯ ಅಸ್ತ್ರ ತೆಗೆದೆ. ಬಸ್ಸಿನಲ್ಲಿ ಆ ದಿನವೇ ನೋಡಿದ್ದೆ.

"ಅತ್ತೆ, ಕಂಬ ಬಿದ್ದಿಲ್ಲ ಕಣತ್ತೆ. ನೋಡಿಲ್ಲಿ, ಇನ್ನೂ ಏರ್ತಾನೇ ಅದೆ. ಈ ವರ್ಷದ್ದು ಬೇಸಿಗೆಗೇ ಹೋದ ವರ್ಷದ ಅರ್ಧಕ್ಕಿಂತ ಎತ್ತರ!"

ಅವಳು ಖುಷಿಪಡುತ್ತಾಳೆ ಅಂದುಕೊಂಡಿದ್ದೆ. ಅವಳು ನನ್ನ ಫೋನು ತೆಗೆದುಕೊಂಡು ಬಹಳ ಹೊತ್ತು ನೋಡಿದಳು.

"ಕೆಂಪಕ್ಷರ ಇವರಿಗೆ ಕಾಣ್ನಿಲ್ವಾ?" ಎಂದೆ.

"ಪೇಪರನ್ನೇ ತೆರೆದು ನೋಡೋದಿಲ್ಲ ಕಣಮ್ಮೀ. ಮುಂಚೆ ಬರೆದೋರು ಹೆಸರು ಹಾಕಿದ್ರು, ಅದ್ನ ನೋಡಿ ಇವ್ರೂ ಹಾಕ್ತಾರೆ. ಇವ್ರನ್ನ ನೋಡಿ ಇನ್ನೊಬ್ರು."

ಬೆರಳಿಂದ ಕೆಳಗೆ ಸರಿಸುತ್ತಾ ಹೋದಳು. ಒಂದು ಕಡೆ ಯಾರೋ ಅವಳ ಜೀನನ್ನು ನಂಬಿ ಹೊಸ ತಳಿ ಮಾಡಲು ಹೊರಟಿದ್ದರು. ಅದನ್ನು ಓದಿದ ಮೇಲೆ ಅತ್ತೆ ಚಾಪೆ ಹಾಸಿ ಲ್ಯಾಪ್‌ಟಾಪ್ ತೆಗೆದು ಕೂತಳು. ಹೊಸದಾಗಿ ಅವಳ ಹೆಸರು ಹಾಕಿದ ಒಬ್ಬೊಬ್ಬರಿಗೂ ಬರೆಯಲು ಶುರು ಮಾಡಿದಳು: ನೀವು ಉಲ್ಲೇಖಿಸಿದ ನನ್ನ ಪೇಪರು ತಪ್ಪು, ಅದನ್ನು ವಾಪಸು ಪಡೆದಿದ್ದೇನೆ, ದಯವಿಟ್ಟು ಅದನ್ನು ನಂಬಬೇಡಿ. ಇಮೇಲ್ ವಿಳಾಸ ಹುಡುಕಿಕೊಡುವುದು ನನ್ನ ಕೆಲಸವಾಯಿತು. ಹೆಚ್ಚಿನವರು ಉತ್ತರ ಕೊಡಲಿಲ್ಲ. ಒಬ್ಬರು ಥ್ಯಾಂಕ್ಸ್ ಹೇಳಿ, ನಮ್ಮದು ಈಗಾಗಲೇ ಅಚ್ಚಾಗಿದೆ, ಇನ್ನೇನು ಮಾಡಲಾಗದು ಎಂದರು. ಇನ್ನೊಬ್ಬರು ನಿಮ್ಮ ಪ್ರಾಮಾಣಿಕತೆ ದೊಡ್ಡದು ಎಂದು ಹೊಗಳಿ, ತಿಂಗಳು ಕಳೆಯುವುದರೊಳಗೆ ಮತ್ತೊಂದು ಪೇಪರಿನಲ್ಲಿ ಅದನ್ನೇ ಉಲ್ಲೇಖಿಸಿದರು.

ಒಂದು ದಿನ ಹೀಗೆ ಬರೆಯುತ್ತಿರುವಾಗ ಅಜ್ಜಿ ಒಳಗಿನಿಂದ ಬಂದು ಜಗಲಿಯ ಕಂಬಕ್ಕೆ ಒರಗಿ ನಿಂತಳು. ಎಷ್ಟು ಹೊತ್ತಿನಿಂದ ನೋಡುತ್ತಿದ್ದಳೋ.

"ಯಾರ್ಗ ಬರೀತಾ ಕೂತಿದ್ದೀಯೆ ಬೆಳಗ್ನಿಂದ?"

"ನಾನ್ ಯೋಳಿದ್ದು ತಪ್ಪು ಅಂತ ಬರೀತಾ ಇವ್ನಿ ಕಣವ್ವ."

"ಎಷ್ಟ್ ಜನುಕ್ಕ?"

"ಬರ್ದಂಗೂ ಹೊಸಬ್ರು ಹುಟ್ಕತಾವ್ರೆ."

ಅಜ್ಜಿ ನಿಧಾನವಾಗಿ ಗೋಡೆ ಹಿಡಿದು ಕೂತಳು. "ಉಳ ಆರ್ಸಿದ್ದು ನಾನು ಅಂತ ಬರ್ದಿದ್ದೀಯಾ ಅದ್ರಲ್ಲಿ?"

"ಇಲ್ಲ."

"ಮತ್ಯಾರು ಅಂತ ಬರ್ದಿದ್ದೀಯೆ?"

"ನಾನು ಸಂಗ್ರಹ ಮಾಡೋದ್ರಲ್ಲಿ ತಪ್ಪು ಮಾಡ್ದೆ ಅಂತ ಬರ್ದಿವ್ನಿ."

"ಸುಳ್ಳ ಬರ್ದಿದ್ದೀಯ" ಎಂದಳು ಅಜ್ಜಿ. "ನೀನ್ ಅಂಗಳದಲ್ಲಿ ನಿಂತಿದ್ದೆ. ಬರಿ, ನಮ್ಮವ್ವ ಮಾಡಿದ್ಳು ಅಂತ ಬರಿ. ನನ್ಗ ಏನ್ ಮಾಡಾರು ಅವ್ರು? ನನ್ನ ಕೆಲ್ಸದಿಂದ ತಗುದಾರಾ?"

ಅತ್ತೆ ಕೀ ಒತ್ತುವುದನ್ನು ನಿಲ್ಲಿಸಿದಳು. "ನಾನ್ ಒಳಕ್ಕ ಬಂದು ನೋಡ್ಬೇಕಾಗಿತ್ತು ಅವ್ವ. ಒಂದ್ಸಲ ಬಂದು ನೋಡಿದ್ರ ಸಾಕಾಗಿತ್ತು. ನಿನ್ ಎಸ್ರು ಬರ್ಯಕಿಲ್ಲ."

"ಅಂಗಂದ್ರ ಈ ಜನ ಎಲ್ಲಾ ನಿನ್ನೇ ಬೈಕತಾರಲ್ಲ ಮಗಾ."

"ಬೈಕಳ್ಲಿ."

ಅಜ್ಜಿ ಎದ್ದು ಹೋಗಲಿಲ್ಲ. ಪರದೆಯ ಮೇಲೆ ಇಂಗ್ಲಿಷ್ ಅಕ್ಷರಗಳು ಒಂದರ ಹಿಂದೆ ಒಂದು ಬರುತ್ತಿದ್ದವು. ಅವಳಿಗೆ ಒಂದೂ ಓದಲು ಬಾರದು. ಆದರೂ ಪ್ರತಿ ಸಲ ಅತ್ತೆ ಕಳುಹಿಸುವ ಗುಂಡಿ ಒತ್ತಿದಾಗ, "ಇದ್ರಲ್ಲಾದ್ರೂ ಆಕಿದ್ಯಾ ನನ್ ಎಸ್ರ?" ಎಂದು ಕೇಳುತ್ತಿದ್ದಳು. ಅತ್ತೆ ಪ್ರತಿ ಸಲ ಇಲ್ಲ ಎನ್ನುತ್ತಿದ್ದಳು, ಮತ್ತು ನನ್ನ ಕಡೆ ಕೈ ಚಾಚಿ ಮುಂದಿನ ವಿಳಾಸ ಕೇಳುತ್ತಿದ್ದಳು.